ಬಾತ ಗಂಟಿಗೆ ಕಾದ ಕುಡಗೋಲು

ಚಂಪಿಗೆ ಬರೆ ಎಳೆದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ. ಅವರಿವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಿ.

ಚಂಪಿ ಎಂದರೆ ಸೊಸೆ ಸುನಂದಾಳ ಜರ್ಸಿ ಆಕಳು. ಅವಳ ತವರಿನಿಂದ ಕರುವಾಗಿ ಬಂದದ್ದು. ಅವಳ ದನಿ ಕೇಳಿದರಷ್ಟೇ ಹಾಲು ಬಿಡುತ್ತಿತ್ತು. (ನಾನು ಹಿಂಡಲು ಕೂತರೆ ಒದೆಯುತ್ತಿತ್ತು. ಜಾಣ ದನ.)

ಹೋದ ತಿಂಗಳು ಒಂದು ಮುಂಜಾನೆ ಅದು ಮೇವು ಮುಟ್ಟಲಿಲ್ಲ. ಮೈ ಸುಡುತ್ತಿತ್ತು. ಭುಜದ ಮುಂದೆ ಲಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು.

"ಅತ್ತೀ, ಮಿರಜಿನ ಡಾಕ್ಟರಿಗೆ ಫೋನ್ ಮಾಡ್ಲೇನ್ರಿ?" ಎಂದಳು ಸುನಂದಾ.

"ಫೋನ್ ಹಚ್ಚಿದ್ರ ಗಂಟ ಇಳೀತದೇನು? ಒಲಿಯಾಗ ಕುಡಗೋಲ ಇಡು."

ನಮ್ಮೂರು ಸಮಡೋಳಿಯಲ್ಲಿ ದನದ ಮೈಮೇಲೆ ಗಂಟು ಎದ್ದರೆ ನನ್ನನ್ನೇ ಕರೆಯುವುದು. ನಲವತ್ತು ವರ್ಷ ಪಳಗಿದ ಕೈ. ಕೆಂಪಗೆ ಕಾದ ಕುಡಗೋಲಿನಿಂದ ಗಂಟಿನ ಮೇಲೆ ಎರಡು ಗೆರೆ ಎಳೆದೆ. ಸುನಂದಾ ಹಗ್ಗ ಹಿಡಿದು ಮುಖ ತಿರುಗಿಸಿ ನಿಂತಿದ್ದಳು. ಇನ್ನು ಮೂರು ದಿನ ಕಾಯಬೇಕು ಎಂದೆ. ಕಾದೆವು.

ನಾಲ್ಕನೇ ದಿನ ಆಕಳು ಮೇಲೇಳಲಿಲ್ಲ. ಆಗ ಸುನಂದಾ ನನ್ನನ್ನು ಕೇಳದೆ ಫೋನ್ ಮಾಡಿದಳು.

ಡಾಕ್ಟರ್ ಮರಾಠಿಯವರು, ನಮ್ಮ ಕನ್ನಡ ಬಲ್ಲವರು. ಆಕಳ ಕಿವಿಯ ಹಿಂದಿನಿಂದ ಒಂದು ಉಣ್ಣಿ ಕಿತ್ತು ತೋರಿಸಿದರು. ರಕ್ತ ಹೀರುವ ಈ ಹುಳವೇ ಜ್ವರ ತಂದದ್ದಂತೆ. ಆಮೇಲೆ ಸುಟ್ಟ ಗಾಯ ನೋಡಿದರು.

"ಇದನ್ನ ಯಾರು ಮಾಡಿದ್ರು?"

"ನಾನು."

"ಆಜಿ, ರಕ್ತ ಹರಿದಂಗ ಮೈಯಾಗ ಇನ್ನೊಂದು ತಿಳಿನೀರು ಹರೀತದ. ಲಿಂಫ್ ಅಂತಾರ. ಅದರ ದಾರಿಯಾಗ ಅಲ್ಲಲ್ಲಿ ಇಂಥಾ ಗಂಟು ಇರ್ತಾವ. ನಿಮಗೂ ಅದಾವ, ನನಗೂ ಅದಾವ. ಪೊಲೀಸ್ ಚೌಕಿ ಇದ್ದಂಗ. ಒಳಗ ಕಳ್ಳ ಹೊಕ್ಕ ಅಂದ್ರ ಪೊಲೀಸರು ಅಲ್ಲೇ ಜಮಾ ಆಗ್ತಾರ. ಅದಕ್ಕ ಬಾತದ್ದು. ನೀವು ಕಳ್ಳನ್ನ ಬಿಟ್ಟು ಚೌಕಿಗೆ ಬೆಂಕಿ ಹಚ್ಚೀರಿ."

ಮೊದಲ ದಿನವೇ ಇಂಜೆಕ್ಷನ್ ಬಿದ್ದಿದ್ದರೆ ಉಳಿಯುತ್ತಿತ್ತೇನೋ ಎಂದರು. ಸುನಂದಾಳ ಎದುರಿಗೇ ಎಂದರು. ಆದರೂ ಒಂದು ಚುಚ್ಚಿ ಹೋದರು. ಮರುದಿನ ಮಧ್ಯಾಹ್ನ ಚಂಪಿ ಸತ್ತಿತು.

ಬಾತದ್ದೆಲ್ಲ ರೋಗ ಎಂದೇ ತಿಳಿದವರು ನಾವು. ಮನೆಯಲ್ಲಾದರೂ ಬೇರೆ ಏನು? ಅಪಾಯ ಬಂತು ಎಂದವರ ಬಾಯನ್ನೇ ಮೊದಲು ಮುಚ್ಚಿಸುತ್ತೇವೆ. (ನಾನು ಸೊಸೆಯ ಬಾಯಿ ಮುಚ್ಚಿಸಿದ ಹಾಗೆ.)

ಸುನಂದಾ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಹೊತ್ತಿಗೆ ಸರಿಯಾಗಿ ಚಹಾ ಕೊಡುತ್ತಾಳೆ, ರೊಟ್ಟಿ ಹಾಕುತ್ತಾಳೆ. "ತಗೋರಿ" ಎನ್ನುತ್ತಾಳೆ. "ಅತ್ತೀ" ಎನ್ನುವುದನ್ನು ಮಾತ್ರ ಬಿಟ್ಟಿದ್ದಾಳೆ.

ಮೊನ್ನೆ ಪಕ್ಕದ ಓಣಿಯ ಬಾಳಪ್ಪ ಬಂದ.

"ಆಯಿ, ಎಮ್ಮೀಗೆ ಗಂಟ ಎದ್ದೈತಿ, ಬರ್ರಿ."

"ಡಾಕ್ಟರನ್ನ ಕರಿ."

"ನಿಮ್ಮ ಕೈಯಾಗ ಎಷ್ಟು ದನ ಉಳಿದಾವಂತ ನಾ ನೋಡಿಲ್ಲೇನ್ರಿ?"

ಒಳಗೆ ಸುನಂದಾ ಪಾತ್ರೆ ತಿಕ್ಕುವ ಸಪ್ಪಳ ನಿಂತಿತು. ನಾನು ಎದುರಿಗೇ ನಿಂತು ಬಾಳಪ್ಪನಿಂದ ಡಾಕ್ಟರಿಗೆ ಫೋನ್ ಮಾಡಿಸಿದೆ.

ಅವನು ಹೋದ ಮೇಲೆ ಕಟ್ಟೆಯ ಮೇಲೆ ಕೂತೆ. ಇಷ್ಟು ವರ್ಷ ಸತ್ತ ದನಗಳ ಪಾಪವನ್ನು ಜಡ್ಡಿನ ಮೇಲೆ ಹಾಕಿದೆವು. ಬದುಕಿದವುಗಳ ಹೆಸರಿನಲ್ಲಿ ಜನ ನನಗೆ ಸೀರೆ ಉಡಿಸಿದರು. ಅವು ನನ್ನಿಂದ ಬದುಕಿದವೋ, ನನ್ನನ್ನೂ ತಡೆದುಕೊಂಡು ಬದುಕಿದವೋ?