ನಾನು ಹಿಡಿದಿಟ್ಟ ಗೊರಕೆ

ಅಕ್ಕನ ಹಣೆಯ ಮೇಲೆ ಬಳೆಗಳ ಗುರುತು ಇರುತ್ತಿತ್ತು. ಬೆಳಿಗ್ಗೆ ಮುಖ ತೊಳೆದು ಕುಂಕುಮ ಇಟ್ಟುಕೊಂಡ ಮೇಲೂ ಅದರ ಮೇಲ್ಗಡೆ ಬಾಗಿದ ಗೆರೆಗಳು ಕೆಂಪಗೆ ಕಾಣುತ್ತಿದ್ದವು. ಗೋಡೆಗೆ ಆತು ಕೂತು, ಮೊಣಕಾಲು ಎತ್ತಿ, ಅದರ ಮೇಲೆ ಕೈ ಮಡಚಿ, ಕೈಯ ಮೇಲೆ ಹಣೆ ಊರಿ ರಾತ್ರಿ ಕಳೆದರೆ ಗಾಜಿನ ಬಳೆಗಳು ಹಾಗೆ ಅಚ್ಚೊತ್ತುತ್ತವೆ. ಸೊಸೆ ಕೇಳಿದರೆ "ಸೊಳ್ಳಿ ಕಡದಾವ" ಅನ್ನುತ್ತಿದ್ದಳು. ಸೊಳ್ಳೆ ಗೆರೆ ಎಳೆದು ಕಚ್ಚುವುದಿಲ್ಲ ಎಂದು ಸೊಸೆಗೂ ಗೊತ್ತಿತ್ತು, ಆದರೆ ಅತ್ತೆಗೆ ಎದುರು ಮಾತನಾಡುವ ಹುಡುಗಿ ಅವಳಲ್ಲ. ಅಕ್ಕ ಯಾಕೆ ಕೂತು ರಾತ್ರಿ ಕಳೆಯುತ್ತಾಳೆ ಎಂಬುದು ಗೊತ್ತಿದ್ದದ್ದು ನನಗೆ ಒಬ್ಬಳಿಗೇ. ನಾನು ಬಾಯಿ ಬಿಡಲಿಲ್ಲ.

ನಾನು ಐದನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಮುದ್ದೇಬಿಹಾಳದಲ್ಲಿ ಕುಪ್ಪಸ ಹೊಲಿದು ಬದುಕುತ್ತೇನೆ. ಬರೆಯುವ ರೂಢಿ ಇಲ್ಲ. ಆದರೂ ಅಕ್ಕನ ವಿಷಯವನ್ನು ನಾನೇ ಬರೆಯಬೇಕು, ಬೇರೆಯವರು ಬರೆದರೆ ನನ್ನ ತಪ್ಪು ಬಿಟ್ಟುಹೋಗುತ್ತದೆ.

ನಮ್ಮ ತವರು ಇಂಗಳೇಶ್ವರ. ಅವ್ವ ತೀರಿಕೊಂಡಾಗ ನಾನು ಜಡೆ ಹಾಕಿಕೊಳ್ಳಲು ಬಾರದಷ್ಟು ಸಣ್ಣವಳು, ತಮ್ಮ ನನಗಿಂತ ಸಣ್ಣವನು. ಅಕ್ಕ ನನ್ನನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ಬಿಗಿಯಾಗಿ ಹೆರಳು ಹಾಕುತ್ತಿದ್ದಳು. ಅತ್ತರೆ "ಅದಕ್ಕೇನ ಜೀವಾ ಹೋಗಂಗಿಲ್ಲ ಬಿಡ" ಅನ್ನುತ್ತಿದ್ದಳು. ಕೈ ಸುಟ್ಟರೂ, ಬಸ್ಸು ತಪ್ಪಿದರೂ, ಯಾರಾದರೂ ಅಂದು ಆಡಿದರೂ ಅವಳ ಬಾಯಲ್ಲಿ ಅದೇ ಮಾತು. ಇಂಡಿ ತಾಲೂಕಿನ ಅಗರಖೇಡಕ್ಕೆ ಮದುವೆಯಾಗಿ ಹೋದ ಮೇಲೂ ನಮ್ಮ ಮನೆಯ ಹಿರಿಯಳು ಅವಳೇ. ಎತ್ತರದ, ದೊಡ್ಡ ಮೈಯ ಹೆಂಗಸು. ಯಾರ ಮನೆಗೆ ಬಂದರೂ ಬಾಗಿಲು ಬಡಿಯದೆ ಓಣಿಯ ತುದಿಯಿಂದಲೇ ಕೂಗಿ ಬರುತ್ತಿದ್ದಳು. ಚಿಕ್ಕ ಹುಡುಗರನ್ನೆಲ್ಲ "ಸಾವ್ಕಾರ" ಎಂದೇ ಕರೆಯುತ್ತಿದ್ದಳು. ಬಳಗದಲ್ಲಿ ಯಾರ ಮನೆಯ ಕಾರ್ಯವಾದರೂ ಶೇಂಗಾ ಹೋಳಿಗೆಯ ಹೂರಣ ಅಕ್ಕನ ಕೈಯಲ್ಲೇ ಆಗಬೇಕು. ಬೆಲ್ಲ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನಾಲಗೆಗೆ ಹಚ್ಚಿ ನೋಡುತ್ತಿರಲಿಲ್ಲ. ಬೆರಳಿಂದ ಹಿಸುಕಿ ಹೇಳುತ್ತಿದ್ದಳು.

ಹಾಗೆಯೇ ಅಕ್ಕನ ನಿದ್ದೆಯೂ ಬಳಗಕ್ಕೆಲ್ಲ ಗೊತ್ತಿತ್ತು. ಕೂತಲ್ಲಿ ತೂಕಡಿಸುವಳು. ಮಾತು ಕೇಳುತ್ತ ಕೇಳುತ್ತ ಕಣ್ಣು ಮುಚ್ಚುವಳು. ಇಂಗಳೇಶ್ವರಕ್ಕೆ ಬರುವಾಗ ಸಿಂದಗಿಯಲ್ಲಿ ಇಳಿದು ಬಸ್ಸು ಬದಲಿಸಬೇಕು. ಒಮ್ಮೆ ಸಿಂದಗಿ ದಾಟಿ ಎಲ್ಲಿಗೋ ಹೋಗಿ ಎಚ್ಚರಾಗಿ, ಕಂಡಕ್ಟರನಿಗೇ ಜೋರು ಮಾಡಿ ತಿರುಗಿ ಬರುವ ಬಸ್ಸಿಗೆ ಹತ್ತಿಸಿಕೊಂಡು ಬಂದಿದ್ದಳು. ನಾವು ನಕ್ಕೆವು. ರಾತ್ರಿ ಅಷ್ಟು ಗೊರಕೆ ಹೊಡೆಯುವವಳಿಗೆ ಹಗಲೂ ನಿದ್ದೆ, ಎಂಥ ಪುಣ್ಯವಂತಳು ಎಂದು ಆಡಿಕೊಂಡೆವು. ಗೊರಕೆ ಅಂದರೆ ಸುಖನಿದ್ದೆ ಎಂದು ನಮ್ಮಲ್ಲಿ ಎಲ್ಲರ ತಿಳಿವಳಿಕೆ. ಗಂಡಸು ಹೊಡೆದರೆ ದುಡಿದು ದಣಿದಾನೆ ಅನ್ನುತ್ತಾರೆ. ಹೆಂಗಸು ಹೊಡೆದರೆ ನಗುತ್ತಾರೆ.

ತಮ್ಮನ ಬಸುರಿ ಮಗಳ ಕುಬಸಕ್ಕೆ ನಾವೆಲ್ಲ ಇಂಗಳೇಶ್ವರದಲ್ಲಿ ಸೇರಿದ್ದೆವು. ಹಿಂದಿನ ರಾತ್ರಿ ಹೆಂಗಸರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಮಲಗಿದೆವು. ಅಕ್ಕ ನನ್ನ ಪಕ್ಕದಲ್ಲಿದ್ದಳು. ಅವಳ ಗೊರಕೆಗೆ ನನಗೆ ನಿದ್ದೆ ಬರಲಿಲ್ಲ. ಹೊಸದಾಗಿ ತೆಗೆದುಕೊಂಡ ಫೋನು ತಲೆಯ ಬಳಿ ಇತ್ತು. ಸುಮ್ಮನೆ ಮಜಾಕ್ಕೆ ಅವಳ ಗೊರಕೆಯನ್ನು ಅದರಲ್ಲಿ ಹಿಡಿದೆ.

ಬೆಳಿಗ್ಗೆ ಅಕ್ಕ ಹಿತ್ತಲಿಗೆ ಹೋಗಿದ್ದಾಗ, ಬೇಳೆ ಹಸನು ಮಾಡುತ್ತ ಕೂತ ಹೆಂಗಸರ ನಡುವೆ ಅದನ್ನು ಹಚ್ಚಿದೆ.

"ಯವ್ವಾ, ಟ್ರ್ಯಾಕ್ಟರ್ ಏರಿ ಏರಾಕತ್ತೈತಿ!" ಅಂದಳು ಒಬ್ಬಳು.

ಗೊರಕೆ ಒಮ್ಮೆಲೇ ನಿಂತು ಫೋನು ಸುಮ್ಮನಾಯಿತು.

"ಬಂದ್ ಬಿತ್ತು ನೋಡ. ಡೀಸೆಲ್ ಖಾಲಿ!"

ಎಲ್ಲರೂ ಕಿವಿಗೊಟ್ಟು ಕಾದರು. ಬಹಳ ಹೊತ್ತಿನ ಮೇಲೆ, ನೀರಲ್ಲಿ ಮುಳುಗಿದವರು ಮೇಲೆ ಬಂದಂತೆ ದೊಡ್ಡ ಸದ್ದು.

"ಚಾಲೂ ಆತು!"

ಹೆಂಗಸರು ಕೈಯಲ್ಲಿನ ಮೊರ ಬಿಟ್ಟು ಬಿದ್ದು ಬಿದ್ದು ನಕ್ಕರು. ತಲೆಯೆತ್ತಿದರೆ ಅಕ್ಕ ತುಂಬಿದ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದಾಳೆ.

"ಯಾರದು ಆ ದನಿ?" ಕೇಳಿದಳು.

ಒಬ್ಬ ಮುದುಕಿ, "ನಿಂದಽ ಯವ್ವಾ. ಮತ್ತ ಯಾರ್ದು ಅಷ್ಟು ಜೋರೈತಿ?" ಅಂದಳು.

"ಯಾರ ಹಿಡದ್ರು?"

ನನ್ನ ಬಾಯಿಂದ ಸುಳ್ಳು ತಾನಾಗಿ ಬಂತು. "ತಮ್ಮನ ಮಗಾ ಹಿಡದಾನ್ನೋಡ. ಮೊಬೈಲ್ ಸಿಕ್ರ ಈಗಿನ ಹುಡುಗ್ರು ಕೇಳ್ತಾರೇನ?"

ಅಕ್ಕನೂ ನಕ್ಕಳು. "ಅದಕ್ಕೇನ ಜೀವಾ ಹೋಗಂಗಿಲ್ಲ ಬಿಡ" ಎಂದು ಕೊಡ ಇಳಿಸಿದಳು. ಹೂರಣ ಮಾಡಿದಳು, ತಮ್ಮನ ಮಗಳಿಗೆ ಉಡಿ ತುಂಬಿದಳು, ಊಟಕ್ಕೆ ಬಡಿಸಿದಳು. ಸಂಜೆ ತಮ್ಮ ಎಷ್ಟು ತಡೆದರೂ ನಿಲ್ಲದೆ ಬಸ್ಸು ಹತ್ತಿ ಹೋದಳು.

ಆ ಮೇಲೆ ಅಕ್ಕ ಯಾರ ಮನೆಯಲ್ಲೂ ವಸ್ತಿ ಉಳಿಯಲಿಲ್ಲ. ಕಾರ್ಯಕ್ಕೆ ಬಂದರೆ ಸಂಜೆಯೇ ಹೊರಡುವಳು. ಉಳಿಯಲೇಬೇಕಾದರೆ ಅಡುಗೆಮನೆಯಲ್ಲಿ ಕೆಲಸ ಹುಡುಕಿಕೊಂಡು ಬೆಳಗು ಮಾಡುವಳು. ಅದೇ ವರ್ಷ ಅವಳ ಮನೆಗೆ ಹೊಸ ಸೊಸೆ ಬಂದಳು. ಮಗ ಸೊಸೆಯ ಕೋಣೆಗೂ ಅಕ್ಕ ಮಲಗುವ ಜಾಗಕ್ಕೂ ನಡುವೆ ಒಂದು ತಗಡಿನ ಗೋಡೆ. ಮಾಮಾ, ಅಂದರೆ ಅಕ್ಕನ ಗಂಡ, ರಾತ್ರಿ ಕರೆಂಟು ಬಂದಾಗ ನೀರು ಬಿಡಬೇಕೆಂದು ಲಿಂಬಿ ತೋಟದಲ್ಲೇ ಮಲಗುತ್ತಿದ್ದ. ಬಂದ ಹುಡುಗಿಯ ಕಿವಿಗೆ ತನ್ನ ಗೊರಕೆ ಬೀಳಬಾರದೆಂದು ಅಕ್ಕ ಕೂತೇ ರಾತ್ರಿ ಕಳೆಯತೊಡಗಿದಳು. ಮೊದಮೊದಲು ಹಟದಿಂದ ಎಚ್ಚರ ಇರುತ್ತಿದ್ದಳು. ಕೆಲವು ತಿಂಗಳಲ್ಲಿ, ಮಲಗಬೇಕೆಂದರೂ ನಿದ್ದೆ ಬರದಂತಾಯಿತು.

"ತಂಗಿ, ಹಾಸಿಗಿ ಕಂಡ್ರ ಎದಿ ಡವಡವ ಅಂತೈತಿ" ಎಂದು ಫೋನಿನಲ್ಲಿ ಹೇಳಿದಳು. "ಕಣ್ಣಾಗ ಉಸುಕು ಹಾಕಿದಂಗ ಆಗೇತಿ. ಅಡಗಿ ಮಾಡ್ತ ಮಾಡ್ತ ತೂಕಡಿಸಿ ಸೆರಗಿಗೆ ಬೆಂಕಿ ಹತ್ತಿತ್ತು. ಸೊಸಿ ನೋಡಿದ್ಳು, ಪುಣ್ಯಾ."

ಆಗಲಾದರೂ ಹೇಳಬಹುದಿತ್ತು. ಅಕ್ಕಾ, ಹಿಡಿದದ್ದು ನಾನು, ನಗಿಸಿದ್ದೂ ನಾನು, ನೀನು ಧೈರ್ಯವಾಗಿ ಮಲಗು ಎಂದು. ಹೇಳುವ ಬದಲು ಗುಳಿಗೆ ಕೊಟ್ಟೆ. ನನ್ನ ಗಂಡ ತೀರಿದ ಹೊಸತರಲ್ಲಿ ಡಾಕ್ಟರು ನನಗೆ ನಿದ್ದೆಯ ಗುಳಿಗೆ ಬರೆದಿದ್ದರು, ಸ್ವಲ್ಪ ದಿನ ಮಾತ್ರ ಎಂದು ಹೇಳಿಯೇ ಬರೆದಿದ್ದರು. ಉಳಿದದ್ದು ಪೆಟ್ಟಿಗೆಯಲ್ಲಿತ್ತು. ಅದನ್ನು ಅಗರಖೇಡಕ್ಕೆ ಒಯ್ದು ಕೊಟ್ಟೆ.

"ಡಾಕ್ಟರಿಗೆ ತೋರಿಸ್ಲೇನ?" ಅಂದಳು ಅಕ್ಕ.

"ಏನಂತ ತೋರಿಸ್ತಿ? ಇದ ನನಗ ಹತ್ತಿ ಚಲೋ ನಿದ್ದಿ ಬಂತು, ನಿನಗ ಹತ್ತಂಗಿಲ್ಲೇನ? ಒಂದ ತಗೋ. ಬರದಿದ್ರ ಮ್ಯಾಲೆ ಅರ್ಧಾ ತಗೋ."

ಅದು ತೀರಿದ ಮೇಲೆ ಹಳೆಯ ಚೀಟಿ ತೋರಿಸಿ ಔಷಧ ಅಂಗಡಿಯಿಂದ ಮತ್ತೆ ತಂದುಕೊಟ್ಟೆ. ಅಕ್ಕನಿಗೆ ನಿದ್ದೆ ಬಂತು. ಫೋನು ಮಾಡಿ "ನಿನ್ನ ಹೊಟ್ಟಿ ತಣ್ಣಗಿರ್ಲಿ" ಎಂದು ಹರಸಿದಳು. ತಪ್ಪು ತೊಳೆದುಕೊಂಡೆ ಎಂದು ನಾನು ಸಮಾಧಾನದಿಂದ ಮಷೀನು ತುಳಿದೆ. ಆದರೆ ಬರಬರುತ್ತ ಬೆಳಿಗ್ಗೆ ತಲೆ ಒಡೆದಂತಾಗುತ್ತದೆ ಅಂದಳು, ಮೈ ಕಲ್ಲಾಗುತ್ತದೆ ಅಂದಳು. "ಅರ್ಧಾ ಕೂಡಿಸಿ ತಗೋಳಾಕತ್ತೇನಿ" ಅಂದಳು. ನಾನು ಹೂಂ ಅಂದೆ.

ಒಂದು ಬೆಳಿಗ್ಗೆ ಸೊಸೆ ಎಬ್ಬಿಸಿದರೆ ಅಕ್ಕ ಏಳಲಿಲ್ಲ. ತುಟಿ ನೇರಳೆ ಹಣ್ಣು ತಿಂದಂತಾಗಿತ್ತು. ಇಂಡಿಯಲ್ಲಿ ತೋರಿಸಿದರೆ ವಿಜಯಪುರಕ್ಕೆ ಒಯ್ಯಿರಿ ಅಂದರು. ನಾನು ಆಸ್ಪತ್ರೆಗೆ ಹೋಗಿ ಮುಟ್ಟುವಷ್ಟರಲ್ಲಿ ಅವಳ ಮೂಗಿಗೆ ಆಕ್ಸಿಜನ್ ಇಟ್ಟಿದ್ದರು. ಮರುದಿನ ಕಣ್ಣು ಬಿಟ್ಟಳು. ಡಾಕ್ಟರು ಒಬ್ಬ ಹೆಣ್ಣುಮಗಳು. ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಕೇಳಿದರು.

"ರಾತ್ರಿ ಗೊರಕಿ ಹೊಡೀತಾರೇನ್ರಿ?"

"ಇಲ್ರಿ ಮೇಡಮ್ಮಾರ" ಅಂದಳು ಅಕ್ಕ.

ಡಾಕ್ಟರು ಸೊಸೆಯ ಕಡೆ ನೋಡಿದರು. ಸೊಸೆ ನೆಲ ನೋಡುತ್ತ, "ಅತ್ತ್ಯಾರು ಹಂಗೇನಿಲ್ರಿ" ಅಂದಳು.

"ನಿದ್ದಿ ಗುಳಿಗಿ ಏನರ ತಗೋತಿದ್ರಾ? ಖರೇ ಹೇಳ್ರಿ. ಇದರ ಮ್ಯಾಲೆ ನಾ ಔಷಧ ಬರೀಬೇಕಾಗ್ತದ."

ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದರೆ ನಾನು ಸಿಕ್ಕಿಬೀಳುತ್ತೇನೆಂದು ಬೇಕಂತಲೇ ಕಿಟಕಿಯ ಕಡೆ ನೋಡಿದಳು. "ಇಲ್ರಿ" ಅಂದಳು. ಆ ಸ್ಥಿತಿಯಲ್ಲೂ ನನ್ನನ್ನು ಕಾಯುತ್ತಿದ್ದಳು.

ಅಕ್ಕನಿಗೆಂದು ಕೊಂಡಿಟ್ಟಿದ್ದ ಗುಳಿಗೆಯ ಹಾಳೆಯನ್ನು ಚೀಲದಿಂದ ತೆಗೆದು ಡಾಕ್ಟರ ಕೈಗೆ ಕೊಟ್ಟೆ. "ನಾ ಕೊಟ್ಟಿದ್ದೆರಿ" ಅಂದೆ. ಆಮೇಲೆ ಫೋನು ತೆಗೆದೆ. ಆ ಗೊರಕೆ ಇನ್ನೂ ಅದರಲ್ಲಿತ್ತು. ಅಳಿಸಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ, ಅಳಿಸಲು ಹೋದರೆ ಅದರ ಮೇಲೆ ಬೆರಳು ಇಡಬೇಕಲ್ಲ, ಅದಕ್ಕೂ ಹೆದರಿ ಬಿಟ್ಟಿದ್ದೆ. ಹಚ್ಚಿದೆ.

ಡಾಕ್ಟರು ನಗಲಿಲ್ಲ. ಗೊರಕೆ ನಿಂತು ಫೋನು ಸುಮ್ಮನಾದಾಗ ಅವರು ತಮ್ಮ ಕೈಗಡಿಯಾರ ನೋಡತೊಡಗಿದರು. ಡೀಸೆಲ್ ಖಾಲಿ ಎಂದು ನಾವು ನಕ್ಕದ್ದು ಇದೇ ಜಾಗದಲ್ಲಿ.

"ಇಲ್ಲಿ ಇವರ ಉಸುರು ನಿಂತದರಿ" ಅಂದರು ಡಾಕ್ಟರು. "ಗೊರಕಿ ಅಂದ್ರ ಗಡದ್ದ ನಿದ್ದಿ ಅಲ್ಲ. ಮಲಗಿದಾಗ ಗಂಟಲು ಸಡಲಾಗಿ ಮುಚ್ಕೊಂತದ. ಮೆದುಳು ಗಾಬರಿಯಾಗಿ ಎಬ್ಬಸ್ತದ. ರಾತ್ರಿ ತುಂಬ ಇದಽ ನಡದಿರ್ತದ. ಅದಕ್ಕ ಹಗಲು ತೂಕಡಿಕಿ, ಅದಕ್ಕ ತಲಿನೋವು. ನಿದ್ದಿ ಗುಳಿಗಿ ಏನ್ಮಾಡ್ತದ, ಗಂಟಲನ್ನ ಇನ್ನಷ್ಟು ಸಡಲು ಮಾಡ್ತದ, ಎಬ್ಬಸೋ ಮೆದುಳನ್ನೂ ಮಂಕು ಮಾಡ್ತದ. ನಿಮಗ ಹತ್ತಿದ ಗುಳಿಗಿ ಇವರ ಜೀವಾ ತಗೀತಿತ್ತು."

"ಹಂಗಾರ ಇವತ್ತಽ ಬಿಟ್ಟಬಿಡ್ಲೇನ್ರಿ?" ಕೇಳಿದಳು ಅಕ್ಕ.

"ಅದೂ ನಿಮ್ಮ ಮನಸಿನಂಗ ಮಾಡಬ್ಯಾಡ್ರಿ. ತಿಂಗಳುಗಟ್ಟಲೆ ತಗೊಂಡೀರಿ. ಒಮ್ಮಿಗೇ ಬಿಟ್ರ ಬ್ಯಾರೆ ತ್ರಾಸು ಆಗ್ತದ. ನಾ ನೋಡ್ಕೊಂತ ಇಳಸ್ತೇನಿ."

ಡಾಕ್ಟರು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದು ಕಾದೆ.

"ನೀನಽ ಏನ ಹಿಡದಿದ್ದಿ?"

"ಹೂಂ ಅಕ್ಕಾ."

"ಹುಚ್ಚಿ, ನಾ ಆ ಹುಡುಗನ ಕೂಡ ಆವತ್ತಿನಿಂದ ಮಾತ ಬಿಟ್ಟೇನಿ. ಕಾಲೇಜಿಗೆ ಹೋಗೂ ಹುಡುಗ, ಅತ್ತಿ ಅತ್ತಿ ಅಂತ ಫೋನ್ ಹಚ್ತಿತ್ತು. ಎತ್ತಲಿಲ್ಲ ನಾ. ಅದರ ಪಾಪಾ ಯಾರಿಗೆ?"

ಅಕ್ಕನಿಗೆ ಸಿಟ್ಟು ಬಂದದ್ದು ಅದಕ್ಕೆ. ತನ್ನ ಉಸಿರು ನಿಂತದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ದಿನ ಮನೆಗೆ ಹೋಗದೆ ಇಂಗಳೇಶ್ವರಕ್ಕೆ ಗಾಡಿ ತಿರುಗಿಸಲು ಹೇಳಿದಳು. ನಿಶ್ಶಕ್ತಿಯಿಂದ ಇಳಿಯಲಾರದೆ ಗಾಡಿಯಲ್ಲೇ ಕೂತು ಓಣಿಯಿಂದ ಕೂಗಿದಳು, "ಸಾವ್ಕಾರ, ಹೊರಗ ಬಾರೋ!" ತಮ್ಮನ ಮಗ ಓಡಿಬಂದ. ನನ್ನನ್ನು ಬೆನ್ನ ಮೇಲೆ ತಿವಿದಳು. ಹುಡುಗನ ಎದುರು, ತಮ್ಮನ ಎದುರು, ಓಣಿಯ ಎದುರು ನಾನು ನಡೆದದ್ದನ್ನೆಲ್ಲ ಹೇಳಬೇಕಾಯಿತು.

ನಿದ್ದೆಯ ಪರೀಕ್ಷೆ ಮಾಡಿ ಡಾಕ್ಟರು ಒಂದು ಮಷೀನು ಕೊಡಿಸಿದ್ದರು. ಮೂಗಿನ ಮೇಲೆ ಮಾಸ್ಕು, ಅದಕ್ಕೊಂದು ಪೈಪು. ಮಲಗಿದಾಗ ಅದು ಗಾಳಿ ಒತ್ತಿ ಗಂಟಲು ಮುಚ್ಚದಂತೆ ಹಿಡಿಯುತ್ತದೆ. "ನಾ ಏನ್ ನೀರಿನ ಟ್ಯಾಂಕರ್ ಆಗೇನೇನ, ಪೈಪ್ ಹಚ್ಚಾಕ?" ಎಂದು ಅಕ್ಕ ಮೊದಲು ಕಿತ್ತೊಗೆದಳು. ನಾನು ಕೆಲವು ದಿನ ಹೊಲಿಗೆ ಬಿಟ್ಟು ಅಗರಖೇಡದಲ್ಲಿ ಉಳಿದೆ. ಪಟ್ಟಿ ಕೆನ್ನೆಗೆ ಒತ್ತುತ್ತದೆ ಅಂದಾಗ ಮೆತ್ತಗಿನ ಬಟ್ಟೆ ಹೊಲಿದು ಸುತ್ತಿದೆ. ಹಗಲು ಪಲ್ಯ ಸೋಸುವಾಗ ಮಾಸ್ಕು ಹಾಕಿಕೊಂಡು ಕೂತು ರೂಢಿ ಮಾಡಿಕೊಂಡಳು. ಹಾಗಿದ್ದೂ ಹಾಸಿಗೆಯ ಹೆದರಿಕೆ ಬೇಗ ಹೋಗಲಿಲ್ಲ. ಕಣ್ಣು ಎಳೆಯುವ ತನಕ ಹಾಸಿಗೆಗೆ ಹೋಗಬೇಡಿ, ಹೋಗಿಯೂ ನಿದ್ದೆ ಬಾರದಿದ್ದರೆ ಒದ್ದಾಡದೆ ಎದ್ದು ಕೂಡಿರಿ, ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳಿರಿ ಎಂದಿದ್ದರು ಡಾಕ್ಟರು. ಅಕ್ಕ ಎದ್ದು ಕೂತು ಜೋಳ ಹಸನು ಮಾಡುವಳು, ಮತ್ತೆ ಹೋಗಿ ಮಲಗುವಳು. ಸಂಜೆಯ ಚಹಾ ಬಿಟ್ಟಳು, ಅದಕ್ಕೆ ಮಾತ್ರ ನಮ್ಮನ್ನೆಲ್ಲ ಬೈದಳು. ಗುಳಿಗೆ ಸೊಸೆಯ ಟ್ರಂಕಿನಲ್ಲಿ ಇತ್ತು. ಡಾಕ್ಟರು ಹೇಳಿದಂತೆ ಕಡಿಮೆ ಮಾಡುತ್ತ ಮಾಡುತ್ತ ಸೊಸೆ ಒಂದು ದಿನ ಖಾಲಿ ಕೈ ತೋರಿಸಿದಳು. ಅತ್ತೆಯ ಎದುರು ಆ ಹುಡುಗಿ ಜೋರಾಗಿ ನಕ್ಕದ್ದು ಅದೇ ಮೊದಲು.

ಅಕ್ಕನ ಹಣೆ ಈಗ ನುಣ್ಣಗಿದೆ. ಬಸ್ಸಿನಲ್ಲಿ ಸಿಂದಗಿ ಬರುವ ಮೊದಲೇ ಎದ್ದು ನಿಲ್ಲುತ್ತಾಳೆ. ಆದರೆ ಮಷೀನು ಇದ್ದರೂ ಬೇರೆಯವರ ಮನೆಯಲ್ಲಿ ವಸ್ತಿ ಮಾತ್ರ ಒಲ್ಲೆ ಅನ್ನುತ್ತಿದ್ದಳು. ನಾನು ಕರೆಯುವ ಬಾಯಿಯನ್ನು ನಾನೇ ಕಳೆದುಕೊಂಡಿದ್ದೆ.

ಕಳೆದ ಬೇಸಿಗೆಯಲ್ಲಿ ಕರೆಯದೆಯೇ ನನ್ನ ಮನೆಗೆ ಬಂದಳು. ಓಣಿಯಿಂದ ಕೂಗುತ್ತ ಬಂದು, ಮಷೀನಿನ ಚೀಲ ಇಟ್ಟು, "ಸ್ವಿಚ್ಚು ಎಲ್ಲೈತಿ? ಅಲ್ಲಿ ಹಾಸು" ಅಂದಳು. ನಡುರಾತ್ರಿ ಗಾಳಿಗೆ ಕರೆಂಟು ಹೋಯಿತು. ಮಷೀನು ನಿಂತಿತು. ಅಕ್ಕ ಮಾಸ್ಕು ತೆಗೆದು ಎದ್ದು ಕೂತಳು, ಹಳೆಯ ರೂಢಿಯಂತೆ ಮೊಣಕಾಲು ಎತ್ತಿದಳು.

"ಅಕ್ಕಾ, ಮಗ್ಗಲಾಗಿ ಮಲಕೋ. ಬೆನ್ನಿಗೆ ದಿಂಬು ಕೊಡ್ತೇನಿ. ನಾ ಎಚ್ಚರ ಅದೇನಿ."

ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಬಳೆಯ ಸಪ್ಪಳವಾಯಿತು, ಮಲಗಿದಳು. ಆಮೇಲೆ ಗೊರಕೆ ಸುರುವಾಯಿತು. ನಾನು ಕೂತು ಕೇಳಿದೆ. ಒಂದೊಂದು ಉಸಿರೂ ಬಂದು ಹೋಗುವುದನ್ನು ಕೇಳಿದೆ. ನಿಂತರೆ ಭುಜ ಮುಟ್ಟುತ್ತಿದ್ದೆ, ಮತ್ತೆ ಉಸಿರು ಎಳೆದುಕೊಳ್ಳುತ್ತಿದ್ದಳು.

ಕರೆಂಟು ಬಂದಾಗ ಎಬ್ಬಿಸಿ ಮಾಸ್ಕು ಕೈಗೆ ಕೊಟ್ಟೆ. ಅರೆನಿದ್ದೆಯಲ್ಲಿ ಕೇಳಿದಳು, "ಜೋರ ಹೊಡದ್ನೇನ?"

"ಹೊಡದಿ ಅಕ್ಕಾ. ಬಾಜೂ ಮನಿಗೂ ಕೇಳಿರ್ಬೇಕು."

"ಕೇಳ್ಲಿ ತಗೋ" ಅಂದಳು. ಪಟ್ಟಿ ಬಿಗಿದುಕೊಂಡು ಆ ಮಗ್ಗಲಿಗೆ ಹೊರಳಿದಳು.