ಮೂರನೆಯ ತಟ್ಟು

ಟಿಕ್. ಟಿಕ್. ಟಿಕ್. ಟೊಪ್.

ಅಮೆರಿಕದ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಶನಿವಾರದ ಬೆಳಗಿನ ಪಾಳಿ ಶುರುವಾಗಿತ್ತು. ಗೌರಾದೇವಿ ಬೆರಳುದ್ದದ ಹಿತ್ತಾಳೆ ಸುತ್ತಿಗೆ ಹಿಡಿದು, ವಿಮಾನದ ಮೈಗೆ ಪದರ ಅಂಟಿಸಿ ಮಾಡುವ ಹಲಗೆಯ ಮಾದರಿಯೊಂದನ್ನು ತಟ್ಟುತ್ತಿದ್ದಳು. ಬೇಕೆಂದೇ ಒಂದು ಕಡೆ ಪದರ ಬಿಡಿಸಿಟ್ಟ ಹಲಗೆ ಅದು. ಕೆಲಸಕ್ಕೆ ಇಳಿಯುವ ಮುನ್ನ ದಿನಾ ಅದನ್ನು ತಟ್ಟಿ ಕಿವಿಯನ್ನು ಹದ ಮಾಡಿಕೊಳ್ಳುವುದು ಅವಳ ರೂಢಿ. ಪದರಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಟಿಕ್. ಒಳಗೆ ಪೊಳ್ಳಿದ್ದರೆ ಟೊಪ್. ಹತ್ತೊಂಬತ್ತು ವರ್ಷ ಆ ಟೊಪ್ ಕೇಳಿದಾಗೆಲ್ಲ ಅವಳಿಗೆ ಸಣ್ಣದೊಂದು ತೃಪ್ತಿಯಾಗುತ್ತಿತ್ತು. ಪ್ರವಾಸದಿಂದ ಮರಳಿದ ಈ ಹನ್ನೊಂದು ದಿನಗಳಿಂದ ಅದೇ ಸದ್ದು ಬಂದೊಡನೆ ಸುತ್ತಿಗೆಯನ್ನು ಕೆಳಗಿಡುತ್ತಿದ್ದಳು.

ಕಿವಿ ಅವಳಿಗೆ ಮನೆಯಿಂದ ಬಂದದ್ದು. ಗುಳೇದಗುಡ್ಡದಲ್ಲಿ ಖಣ ನೇಯುವ ಮನೆ. ಒಳಕೋಣೆಯಲ್ಲಿ ಮಲಗಿದ್ದ ಅಪ್ಪ ಮಗ್ಗದ ಸದ್ದು ಕೇಳಿಯೇ ಎಳೆ ಹರಿದದ್ದನ್ನು ಹೇಳುತ್ತಿದ್ದ. ಅವ್ವ ಸಂತೆಯಲ್ಲಿ ಗಡಿಗೆಯನ್ನು ಬೆರಳಗೆಣ್ಣಿನಿಂದ ಬಾರಿಸದೆ ಕೊಂಡವಳಲ್ಲ. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ, ಗಂಡ ರವಿಕಿರಣನೊಂದಿಗೆ ಈ ಮೋಡದ ಊರಿಗೆ ಬಂದ ಗೌರಾದೇವಿ ಆ ವಿದ್ಯೆಯನ್ನೇ ಇಲ್ಲಿ ಕೆಲಸವಾಗಿಸಿಕೊಂಡಳು. ಅವಳಿಗೊಂದು ಮೊಹರಿದೆ, ಮೊಹರಿನಲ್ಲೊಂದು ಸಂಖ್ಯೆ. ಆ ಸಂಖ್ಯೆ ಬಿದ್ದ ಹಲಗೆಯನ್ನು ಯಾರೂ ಮತ್ತೆ ತಟ್ಟಿ ನೋಡುವುದಿಲ್ಲ. ದೋಷ ಕಂಡರೆ ಕೆಂಪು ಚೀಟಿ: ಎಲ್ಲಿ, ಎಷ್ಟು ಅಗಲ, ಯಾರು ಕಂಡರು, ಯಾರಿಂದ ಆಯಿತು. ಹೆಸರಿಲ್ಲದ ಚೀಟಿಯನ್ನು ಅವಳು ಎಂದೂ ಅಂಟಿಸಿಲ್ಲ. ಹೊಸಬರಿಗೆ ಅವಳು ಕಲಿಸುವ ಪಾಠವೂ ಒಂದೇ. ಮೊದಲ ಸಲ ಕೇಳಿದ್ದು ಅನುಮಾನ. ಎರಡನೆಯದೂ ಅನುಮಾನವೇ. ಮೂರು ಸಲ ತಟ್ಟಿ, ಮೂರು ಸಲವೂ ಅದೇ ಕೇಳಿದರೆ ಮಾತ್ರ ಬರೆಯಿರಿ.

ಆ ಪಾಠವೇ ಅವಳನ್ನು ಕೆಡಿಸಿತು.

ಪ್ರವಾಸ ಚಕ್ರಪಾಣಿಯದು. ಬೆಂಗಳೂರಿನವನು, ಹತ್ತಿರದ ಬೆಲ್ವ್ಯೂನಲ್ಲಿ ಕೆಲಸ, ಕನ್ನಡ ಕೂಟದ ಎಲ್ಲ ಓಡಾಟಕ್ಕೂ ಅವನೇ ಮುಂದು. ಎಂಟು ಜನರನ್ನು ಕಟ್ಟಿಕೊಂಡು ಜೋರ್ಡಾನಿನ ಪೆಟ್ರಾಕ್ಕೆ ಹೊರಟಿದ್ದ. ಬಂಡೆಗಳ ನಡುವಿನ ಇಕ್ಕಟ್ಟಾದ ಸೀಳಿನಲ್ಲಿ ಅರ್ಧ ಗಂಟೆ ನಡೆದರು. ತಲೆಯ ಮೇಲೆ ಆಕಾಶ ರಿಬ್ಬನ್ನಿನಷ್ಟೇ ಅಗಲ. ಸೀಳು ತಟ್ಟನೆ ಮುಗಿದಾಗ ಎದುರಿಗೆ ಬೆಟ್ಟವನ್ನೇ ಕೊರೆದು ನಿಲ್ಲಿಸಿದ ಕಂಬಗಳು. ಉಳಿದವರು ಫೋನ್ ತೆಗೆದರು. ಗೌರಾದೇವಿ ಬಂಡೆಯ ಹತ್ತಿರಕ್ಕೆ ಹೋದಳು. ಅದೇ ಕೆಂಪು, ಗಾಳಿ ತಿಂದ ಅವೇ ತೂತುಗಳು. ಬಾದಾಮಿಯ ಬಂಡೆಯನ್ನು ಯಾರೋ ಹೊತ್ತು ತಂದು ಮರಳುಗಾಡಿನಲ್ಲಿ ಇಳಿಸಿದಂತಿತ್ತು.

"ಮಂಗ್ಯಾ ಅಷ್ಟ ಕಡಿಮಿ ನೋಡ್ರಿ," ಎಂದಳು ಗಂಡನಿಗೆ.

ಮಾರ್ಗದರ್ಶಿ ಅವರನ್ನು ಮೆಟ್ಟಿಲುಗಳ ಮೇಲಿನ ಒಂದು ಗೂಡಿಗೆ ಕರೆದೊಯ್ದ. ಒಂಟೆಗಳ ಮೇಲೆ ಧೂಪ, ಮೆಣಸು, ರೇಷ್ಮೆ ಹೇರಿಕೊಂಡು ಹೊರಡುವ ವ್ಯಾಪಾರಿಗಳು ಇಂಥ ಗೂಡುಗಳ ಮುಂದೆ ನಿಂತು ಬೇಡಿಕೊಳ್ಳುತ್ತಿದ್ದರಂತೆ. ಒಳಗೆ ಕಣ್ಣಿಲ್ಲದ, ಮೂಗಿಲ್ಲದ, ಮೊಣಕಾಲೆತ್ತರದ ಒಂದು ಕಲ್ಲು. ಅದೇ ಅವರ ದೇವರು. ಗೌರಾದೇವಿ ಶೂ ಬಿಚ್ಚಿದಳು. ಮಾರ್ಗದರ್ಶಿ ನಕ್ಕ. ಅವಳು ಬಾಗಿ ಕೈಮುಗಿದಳು. ಏಳುವಾಗ ಬೆರಳಗೆಣ್ಣು ತಾನಾಗಿಯೇ ಕಲ್ಲಿನ ಅಂಚಿಗೆ ತಾಗಿತು, ಗಡಿಗೆಗೆ ತಾಗುವ ಹಾಗೆ.

ಟೊಪ್.

ಕಲ್ಲು ಒಳಗೆ ಪದರ ಬಿಟ್ಟಿತ್ತು. ಅವಳಿಗೆ ಅಲ್ಲಿಗೇ ಕೈ ತೆಗೆಯಬೇಕು ಅನ್ನಿಸಲಿಲ್ಲ. ಎರಡನೆಯ ಸಲ ತಟ್ಟಿದಳು. ಟೊಪ್. ಮೂರನೆಯದಕ್ಕೆ ಸದ್ದೇ ಬರಲಿಲ್ಲ. ಬಿಸ್ಕತ್ತಿನಷ್ಟು ಅಗಲದ ಚಕ್ಕೆಯೊಂದು ಹಗುರವಾಗಿ, ಕೇಳಿ ಪಡೆದುಕೊಂಡಂತೆ, ಅವಳ ಅಂಗೈಗೆ ಬಂತು. ಅದು ಕಳಚಿದ ಜಾಗದಲ್ಲಿ ಎರಡು ಸಾವಿರ ವರ್ಷ ಬಿಸಿಲು ಕಾಣದ ಕಲ್ಲು, ಆಗತಾನೇ ಸುಲಿದ ಈರುಳ್ಳಿಯ ಬಣ್ಣದಲ್ಲಿ ಹೊಳೆಯಿತು.

"ಮೇಡಂ, ಈ ಕಡೆ! ಸ್ಮೈಲ್ ಮಾಡಿ!" ಚಕ್ರಪಾಣಿ ಕೂಗಿದ.

ಗೌರಾದೇವಿ ಮುಷ್ಟಿ ಬಿಗಿದಳು.

ಈ ಶನಿವಾರ ಪಾಳಿ ಮುಗಿಸಿ ಬಂದ ಅವಳನ್ನು ರವಿಕಿರಣ ಮಧ್ಯಾಹ್ನ ಬೆಲ್ವ್ಯೂಗೆ ಕರೆತಂದ. ಪ್ರವಾಸದ ಫೋಟೋ ನೋಡಲು ಚಕ್ರಪಾಣಿಯ ಮನೆಯಲ್ಲಿ ಕರೆ. ಇಪ್ಪತ್ತೆರಡನೆಯ ಮಹಡಿ. ಅವನ ಹೆಂಡತಿ ಮೈತ್ರಿ ಚೌಚೌ ಬಾತ್ ಬಡಿಸಿದಳು. ಉಳಿದವರು ಇನ್ನೂ ಬಂದಿರಲಿಲ್ಲ. ಗೌರಾದೇವಿ ಕೆಲಸದ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

"ಇದು ನೋಡಿ, ಇದು!" ಚಕ್ರಪಾಣಿ ಟಿವಿಯ ಮುಂದೆ ನಿಂತ. "ಈ ವರ್ಷದ ಕೂಟದ ಕ್ಯಾಲೆಂಡರ್‌ಗೆ ಕವರ್ ಫೋಟೋ. ಎಲ್ರಿಗೂ ಮೆಸೇಜ್ ಹಾಕಿ ಫಿಕ್ಸ್ ಮಾಡಿದೀನಿ. ಮೇಡಂ ಮುಖದಲ್ಲಿ ಭಕ್ತಿ ನೋಡ್ರೀ!"

ಗೋಡೆಯಷ್ಟು ದೊಡ್ಡ ಟಿವಿಯಲ್ಲಿ ಗೌರಾದೇವಿ ತನ್ನನ್ನು ಕಂಡಳು. ಬರಿಗಾಲು, ಹಿಂದೆ ದೇವರ ಕಲ್ಲು, ಅದರ ಅಂಚಿನಲ್ಲಿ ಚಕ್ಕೆ ಎದ್ದ ಹೊಸ ಗುರುತು. ಬಿಗಿದ ಬಲಗೈ. ಇದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಮುಖ. ಅವಳು ನಗುತ್ತಿದ್ದಳು. ಒತ್ತಾಯದ ನಗೆಯಲ್ಲ ಅದು. ಹಲ್ಲು ಕಾಣುವ, ಕಣ್ಣಿಗೆ ಏರಿದ, ಯಾರನ್ನಾದರೂ ನಂಬಿಸುವ ನಗೆ. ಅಷ್ಟು ಒಳ್ಳೆಯ ಸುಳ್ಳು ತನ್ನ ಮುಖಕ್ಕೆ ಯಾವಾಗ ಬಂತು? ಕೈಯಲ್ಲಿದ್ದ ತಟ್ಟೆ ಅಲುಗಿ ಚಮಚ ಕೆಳಗೆ ಬಿತ್ತು.

"ನಾ ಅದನ್ನ ಒಡದೀನ್ರಿ," ಎಂದಳು.

"ಏನ್ ಮೇಡಂ? ಏನೂ ಒಡೆದಿಲ್ಲ, ಚಮಚ ತಾನೇ, ಬಿಡಿ," ಎಂದಳು ಮೈತ್ರಿ.

ಗೌರಾದೇವಿ ಚೀಲದಿಂದ ತಿಂಡಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಕರವಸ್ತ್ರದ ಮೇಲೆ ಕೆಂಪು ಚಕ್ಕೆ. ಚಕ್ರಪಾಣಿ ಅದನ್ನು ನೋಡಿದ, ಟಿವಿ ನೋಡಿದ, ಮತ್ತೆ ಚಕ್ಕೆಯನ್ನು ನೋಡಿದ. ಮೈತ್ರಿ ಎರಡು ಹೆಜ್ಜೆ ಹಿಂದೆ ಸರಿದಳು.

"ಹನ್ನೊಂದ ದಿನ," ಎಂದ ರವಿಕಿರಣ. ಅವನ ಧ್ವನಿ ಸಣ್ಣಗಾಗಿತ್ತು. "ಒಂದ ಮನ್ಯಾಗ ಇದ್ದು ನನಗ ಹೇಳಲಿಲ್ಲ ನೀ?"

"ಹೇಳಿದ್ರ ನೀವು ಕಲ್ಲನ್ನ ಹೆಸರಿಲ್ಲದ ವಾಪಸ್ ಕಳಸು ಅಂತಿದ್ರಿ."

"ಈಗೂ ಅದನ್ನ ಅಂತೀನಿ!"

ಗೌರಾದೇವಿ ಚೀಲದಿಂದ ಮಡಿಸಿದ ಬಿಳಿ ಹಾಳೆ ತೆಗೆದಳು. ಪೆಟ್ರಾದ ಕಚೇರಿಯ ವಿಳಾಸ ಮೇಲಿತ್ತು. ಕೆಳಗೆ ಕಾರ್ಖಾನೆಯ ಚೀಟಿಯಂತೆಯೇ ಗೆರೆ ಎಳೆದು ಇಂಗ್ಲಿಷಿನಲ್ಲಿ ಬರೆದಿದ್ದಳು. ಎಲ್ಲಿ: ಮೆಟ್ಟಿಲ ಮೇಲಿನ ಗೂಡು. ಎಷ್ಟು ಅಗಲ: ಎರಡೂವರೆ ಇಂಚು. ಯಾರು ಕಂಡರು ಎಂಬಲ್ಲಿ ಅವಳ ಹೆಸರು. ಯಾರಿಂದ ಆಯಿತು ಎಂಬ ಸಾಲು ಮಾತ್ರ ಖಾಲಿ. ಹನ್ನೊಂದು ದಿನದಿಂದ ಖಾಲಿ.

"ಎರಡು ಸಾವಿರ ವರ್ಷದಿಂದ ಅದು ಉದುರ್ತಾನೇ ಇದೆ ಮೇಡಂ," ಎಂದ ಚಕ್ರಪಾಣಿ. "ಗಾಳಿ ಮೇಲೆ ಕೇಸ್ ಹಾಕ್ತಾರಾ?"

"ದೇವ್ರ ಮನೇಲಿಟ್ಟು ದಿನಾ ಒಂದು ಹೂವು ಹಾಕಿ," ಎಂದಳು ಮೈತ್ರಿ. "ದೇವ್ರೇ ತಾನೇ ಅದು?"

"ಮೂರು ಸಲ ತಟ್ಟಿದೆ," ಎಂದಳು ಗೌರಾದೇವಿ. "ಒಂದು ಸಲ ಆಗಿದ್ರ ಕೈ ತಪ್ಪು ಅಂತಿದ್ದೆ. ಎರಡನೇದ್ದು ಚಟ. ಮೂರನೇದ್ದಕ್ಕ ಏನನ್ಲಿ?"

ರವಿಕಿರಣ ಹತ್ತಿರ ಬಂದು ಹೆಂಡತಿಯ ಮುಂದೆ ಮಂಡಿಯೂರಿದ. ಜಗಳದ ದನಿ ಹೋಗಿತ್ತು. "ಗೌರಾ, ಇನ್ನ ಎರಡ ವರ್ಷಕ್ಕ ರಿಟೈರ್ ಆಗ್ತಿ. ಅವರು ಇದನ್ನ ಕಳವು ಅಂದ್ರ? ಕಾರ್ಖಾನಿಗೆ ಗೊತ್ತಾದ್ರ? ನಿನ್ನ ಮೊಹರು ಕಸಗೋತಾರ. ಆ ಮೊಹರು ಹೋದ್ರ ನೀ ಮನ್ಯಾಗ ಹೆಂಗ ಇರ್ತಿ ನನಗ ಗೊತ್ತೈತಿ. ಕಲ್ಲು ಕಳಸು, ಬ್ಯಾಡ ಅನ್ನೂದಿಲ್ಲ. ಹೆಸರೊಂದ ಬ್ಯಾಡ."

ಗೌರಾದೇವಿ ಅವನ ತಲೆಯ ಮೇಲಿಂದ ಟಿವಿಯತ್ತ ನೋಡಿದಳು. ಆ ಹೆಂಗಸು ಇನ್ನೂ ನಗುತ್ತಿದ್ದಳು. ಗೌರಾದೇವಿ ಚೀಲದಿಂದ ಪೆನ್ನು ತೆಗೆದು, ಹಾಳೆಯನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟುಕೊಂಡು, ಖಾಲಿ ಸಾಲಿನಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ, ಊರಿನ ಹೆಸರನ್ನೂ ಸೇರಿಸಿ ಬರೆದಳು. ಅಕ್ಷರಗಳು ಸೊಟ್ಟಗಿದ್ದರೂ ಓದಲು ಬರುತ್ತಿದ್ದವು. ಹಾಳೆ ಮಡಿಸಿ ಡಬ್ಬಿಯೊಳಗಿಟ್ಟು ಎದ್ದಳು.

"ಪಾರ್ಸೆಲ್ ಅಂಗಡಿ ಎಷ್ಟಕ್ಕ ಮುಚ್ಚತೈತ್ರಿ ಇಲ್ಲೆ?"

"ನಾಲ್ಕಕ್ಕೆ," ಎಂದಳು ಮೈತ್ರಿ, ಹೇಳಿದ್ದು ತಪ್ಪಾಯಿತೇನೋ ಎಂಬಂತೆ ಬಾಯಿಗೆ ಕೈ ಇಟ್ಟುಕೊಂಡು.

"ಮೇಡಂ, ಕಾಫಿ ಆದ್ರೂ ಕುಡ್ಕೊಂಡು—" ಎಂದ ಚಕ್ರಪಾಣಿ.

ಗೌರಾದೇವಿ ಬಾಗಿಲ ಬಳಿ ಶೂಗೆ ಕಾಲು ತೂರಿಸಿದಳು. ಲೇಸು ಕಟ್ಟಲಿಲ್ಲ.

"ಸೋಮವಾರ ತನಕ ತಡಿ," ರವಿಕಿರಣ ಎದ್ದು ಬರುತ್ತ ಹೇಳುತ್ತಿದ್ದ. "ಯಾರರೆ ವಕೀಲರನ್ನ ಒಂದ ಮಾತು ಕೇಳೂಣು. ಆ ಕಲ್ಲೇನ ಓಡಿ ಹೋಗತೈತೇನು? ಎರಡ ದಿನಕ್ಕ ಏನ ಆಗತೈತಿ ಹೇಳು, ಗೌರಾ, ನಾ ಏನ ಅಂತೀನಂದ್ರ—"

ಅವಳು ಆಗಲೇ ಲಿಫ್ಟಿನ ಕಡೆ ನಡೆದಿದ್ದಳು. ಬಿಚ್ಚಿದ ಲೇಸಿನ ತುದಿ ಅವಳ ಹೆಜ್ಜೆಗೊಮ್ಮೆ ನೆಲವನ್ನು ತಟ್ಟುತ್ತಿತ್ತು.