ಏಳುಮಲೆಯ ಸೇತುವೆ

ವಿದ್ಯಾವತಿಯವರನ್ನು ನಾನು ಮೊದಲು ಕಂಡದ್ದು ೧೯೯೫ರ ಏಪ್ರಿಲ್ ತಿಂಗಳ ಒಂದು ಶನಿವಾರ, ಅಮೆರಿಕದ ಡರ್ಹಮ್‌ನ ಈನೋ ನದಿಯ ಪಾರ್ಕಿನಲ್ಲಿ. ಕಾರು ನಿಲ್ಲಿಸುವ ಜಾಗದ ಕೊನೆಗೆ ಒಂದು ಮರದ ಬೆಂಚು. ಅದರ ಮೇಲೆ ಕೈಯಲ್ಲೇ ಹೊಲಿದಂತಿದ್ದ ಖಾಕಿ ಚೀಲವೊಂದನ್ನು ಇಟ್ಟು, ಅದಕ್ಕೆ ಬೆನ್ನು ಕೊಟ್ಟು, ಪಟ್ಟಿಗಳೊಳಗೆ ತೋಳು ತೂರಿಸಿ ಮೇಲೇಳಲು ನೋಡುತ್ತಿದ್ದರು. ನೀಲಿ ಹತ್ತಿ ಸೀರೆ, ಬಿಳಿಯ ಸ್ನೀಕರ್ಸ್, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಸ್ವಲ್ಪ ದೂರದಲ್ಲಿ ತೆಳ್ಳಗಿನ ಗಂಡಸೊಬ್ಬರು ನದಿಯ ಕಡೆ ಮುಖ ಮಾಡಿ ನಿಂತಿದ್ದರು. ಅವರ ಬಲಗೈ ಬೆರಳುಗಳು ಬತ್ತಿ ಹೊಸೆಯುವವರ ಹಾಗೆ ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು.

ಸೀರೆ ಕಂಡು ನಾನು ನಿಂತೆ. “ಕನ್ನಡದೋರಾ?” ಎಂದು ವಿದ್ಯಾವತಿಯವರೇ ಕೇಳಿದರು.

“ಹೌದು ಆಂಟಿ, ಮಳವಳ್ಳಿ ಕಡೆ.”

“ಹಂಗಾದ್ರೆ ಪಕ್ಕದ ತಾಲ್ಲೂಕೇ. ನಮ್ದು ಕೊಳ್ಳೇಗಾಲ. ಬಾರಪ್ಪ, ಇದನ್ನ ಸ್ವಲ್ಪ ಎತ್ತು.”

“ಏನಿದೆ ಆಂಟಿ, ಇಷ್ಟು ಭಾರ?”

“ಅಕ್ಕಿ.”

“ಇಲ್ಲಿ ಅಡುಗೆ ಮಾಡೋಕೆ ಬಿಡ್ತಾರಾ?”

ಆ ಗಂಡಸರು ತಿರುಗದೆಯೇ ಹೇಳಿದರು: “ಅಡುಗೆಗಲ್ಲ ಕಣಯ್ಯ. ಅಕ್ಕೀನ ವಾಕಿಂಗ್ ಕರ್ಕೊಂಡು ಬಂದಿದಾಳೆ.”

ದನಿಯಲ್ಲಿ ನಗೆಯಿತ್ತು. ಆಮೇಲೆ ಅವರು ನಿಧಾನವಾಗಿ ನನ್ನತ್ತ ತಿರುಗಿದಾಗ ಮುಖದಲ್ಲಿ ಅದರ ಸುಳಿವೇ ಇರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಮುಖದ ನಗುವನ್ನೂ ಕಟ್ಟಿಹಾಕುತ್ತದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಅವರು ವಿದ್ಯಾವತಿಯವರ ಪತಿ ಬಸಲಿಂಗಪ್ಪ, ಮಣ್ಣಿನ ವಿಜ್ಞಾನಿ. ಮದುವೆಗೆ ಮೊದಲು ಒಂದು ವರ್ಷ ದಕ್ಷಿಣ ಫ್ರಾನ್ಸಿನಲ್ಲಿ ಓದಿದ್ದರು. ಆಗ ರಜೆ ಸಿಕ್ಕಾಗಲೆಲ್ಲ ಅಲ್ಲಿನ ಬೆಟ್ಟಸೀಮೆಯ ಕಾಲುದಾರಿಗಳಲ್ಲಿ ನಡೆಯುತ್ತಿದ್ದರಂತೆ. ಆ ಸೀಮೆಯ ಹೆಸರನ್ನು ಅಲ್ಲಿಯವರು ‘ಸೆವೆನ್’ ಎನ್ನುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ, ಕುರ್ಚಿಯೂ ಇಲ್ಲದ ಬಾಡಿಗೆ ಕೋಣೆಯಲ್ಲಿ ಕೂತು, ಅವರು ಆ ಬೆಟ್ಟಗಳನ್ನೂ ಅಲ್ಲಿನ ಒಂದು ಕಲ್ಲು ಸೇತುವೆಯನ್ನೂ ಹೆಂಡತಿಗೆ ವರ್ಣಿಸಿದ್ದರು. ಸೇತುವೆಯ ಕೆಳಗಿನ ಮಡುವಿನಲ್ಲಿ ಮೀನಿನ ನೆರಳು ಕೂಡ ತಳದಲ್ಲಿ ಕಾಣುತ್ತದಂತೆ. “ಒಂದ್ಸಲ ನಿನ್ನ ಕರ್ಕೊಂಡು ಹೋಗ್ತೀನಿ” ಎಂದಿದ್ದರು. ವಿದ್ಯಾವತಿಯವರು ಚಿಕ್ಕಂದಿನಲ್ಲಿ ತಾಯಿಯ ಜೊತೆ ಏಳುಮಲೆಯ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿದ್ದವರು. ಸೆವೆನ್ ಎಂದರೆ ಏಳು, ಅಂದಮೇಲೆ ಅದು ಏಳುಮಲೆ ಎಂದರು. ಅಂದಿನಿಂದ ಆ ಮನೆಯಲ್ಲಿ ಫ್ರಾನ್ಸಿನ ಆ ಬೆಟ್ಟಗಳಿಗೆ ಏಳುಮಲೆ ಎಂದೇ ಹೆಸರು.

ಹೋಗುವುದು ಮಾತ್ರ ಆಗಲೇ ಇಲ್ಲ. ಮಗಳು ನಂದಿತಾ ಹುಟ್ಟಿದಳು. ಆಮೇಲೆ ಮನೆ, ಅವಳ ಕಾಲೇಜು. ವಿದ್ಯಾವತಿಯವರು ಒಂದು ಬಟ್ಟೆ ಅಂಗಡಿಯಲ್ಲಿ ಪ್ಯಾಂಟು ಗಿಡ್ಡ ಮಾಡುವ, ಕೋಟು ಬಿಗಿ ಮಾಡುವ ಕೆಲಸಕ್ಕೆ ಸೇರಿದರು. “ರಿಟೈರ್ ಆದ್ಮೇಲೆ” ಎನ್ನುತ್ತಿದ್ದ ಬಸಲಿಂಗಪ್ಪನವರಿಗೆ ರಿಟೈರ್ ಆಗುವ ಮೊದಲೇ ಕಾಯಿಲೆ ಬಂತು. ಕಾಲು ಪೂರ್ತಿ ನಿಲ್ಲುವುದರೊಳಗೆ ಆ ಸೇತುವೆಯ ಮೇಲೆ ಇಬ್ಬರೂ ನಿಲ್ಲಬೇಕು ಎಂಬುದೊಂದೇ ಆಗ ಅವರಿಗೆ ಉಳಿದಿದ್ದ ಆಸೆ. ಗಂಡನ ಸಾಮಾನನ್ನೂ ತಾವೇ ಹೊರಬೇಕಾಗುತ್ತದೆಂದು ವಿದ್ಯಾವತಿಯವರು ಅಕ್ಕಿ ಹೊತ್ತು ಅಭ್ಯಾಸ ಮಾಡುತ್ತಿದ್ದರು.

ಕನ್ನಡ ಸಂಘದ ಯುಗಾದಿ ಊಟದಲ್ಲಿ ಶ್ರೀಲತಾ ಎಂಬವರು ಛೇಡಿಸಿದರು: “ನಡೆಯೋಕೆ ಫ್ರಾನ್ಸ್‌ಗೆ ಯಾಕ್ರೀ ವಿದ್ಯಾ? ಮಾಲ್‌ನಲ್ಲಿ ನಡೀರಿ, ಎ.ಸಿ. ಆದ್ರೂ ಇರುತ್ತೆ.”

“ಮಾಲ್‌ನಲ್ಲಿ ನಡೆದ್ರೆ ಸೀರೆ ತಗೋಬೇಕು ಅನ್ಸುತ್ತೆ. ಫ್ರಾನ್ಸೇ ಚೀಪು!” ಎಂದರು ವಿದ್ಯಾವತಿ. ಅಟ್ಲಾಂಟಾದಿಂದ ನಂದಿತಾ ಫೋನಿನಲ್ಲಿ ಕೂಗಾಡಿದಳು: “ಅಮ್ಮಾ, ಆರ್ ಯು ಕ್ರೇಜಿ? ಡ್ಯಾಡ್ ಬಿದ್ರೆ ಯಾರು ಲಿಫ್ಟ್ ಮಾಡೋದು?”

“ನಾನೇ. ಅಕ್ಕಿ ಎತ್ತುತಾ ಇಲ್ವಾ?”

ಸೆಪ್ಟೆಂಬರಿನಲ್ಲಿ ಹೊರಟರು. ಅಲ್ಲಿ ನಡೆದದ್ದನ್ನು ವಿದ್ಯಾವತಿಯವರೇ ಮುಂದೆ ನನಗೆ ಹೇಳಿದ್ದಾರೆ.

ಮೊದಲ ಬೆಳಿಗ್ಗೆ ಊರು ದಾಟಿದ ಮೇಲೆ ದಾರಿಪಕ್ಕದ ಬಂಡೆಯ ಮೇಲೆ ಬಿಳಿಯದೊಂದು, ಕೆಂಪಿನದೊಂದು ಪಟ್ಟೆ ಕಂಡಿತು. ಸುಣ್ಣ, ಕೆಮ್ಮಣ್ಣು! ವಿದ್ಯಾವತಿಯವರು ಅಲ್ಲೇ ಶೂ ಬಿಚ್ಚಿ ಕೈ ಮುಗಿದರು.

“ಯಾವ ದೇವ್ರು ರೀ ಇದು?”

“ದೇವ್ರಲ್ಲ ಕಣೇ, ದಾರಿ ಗುರುತು. ಶೂ ಹಾಕ್ಕೋ.”

ಅಂಥ ಗುರುತುಗಳು ಮರಗಳ ಮೇಲೆ, ಗೋಡೆಗಳ ಮೇಲೆ ಉದ್ದಕ್ಕೂ ಇದ್ದವು. ಅವೇ ಎರಡು ಬಣ್ಣ ಕತ್ತರಿಯಾಗಿದ್ದರೆ ಆ ಕಡೆ ಹೋಗಬೇಡ ಎಂದರ್ಥ. ಆಮೇಲೂ ಪ್ರತಿ ಪಟ್ಟೆಗೆ ವಿದ್ಯಾವತಿಯವರು ಗಂಡನಿಗೆ ಕಾಣದಂತೆ ಕೆನ್ನೆ ಮುಟ್ಟಿಕೊಂಡರು. ಮಳೆನೀರು ಕೊಚ್ಚದಂತೆ ದಾರಿಗೆ ಅಡ್ಡಡ್ಡ ಮರದ ತುಂಡುಗಳನ್ನು ಹೂತಿದ್ದ ಕಡೆ ಬಸಲಿಂಗಪ್ಪನವರು ಒಂದೊಂದನ್ನೇ ದಾಟುತ್ತ ಹುಡುಗನ ಹಾಗೆ ನಡೆದರು. ಸಮನಾದ ನೆಲದಲ್ಲೇ ಕಾಲು ತಡವರಿಸುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ, ಕಲ್ಲುಗೋಡೆಯ ನಡುವಿನ ಒಂದು ಇಕ್ಕಟ್ಟು ಸಂದಿಯಲ್ಲಿ, ಅವರ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟಿತು. ಅದರಾಚೆಗೆ ಬರಿಯ ಇಳಿಜಾರು. ಕೆಳಗಿನಿಂದ ಹೊಳೆಯ ಸದ್ದು ಬರುತ್ತಿತ್ತು. ಎಳೆದರೂ, ಹಾಡು ಹೇಳಿದರೂ, ಕೂತು ಎದ್ದರೂ ಆಗಲಿಲ್ಲ. ಕೊನೆಗೆ ಅವರು ಒಂದು ಕಲ್ಲಿನ ಮೇಲೆ ಕೂತು, “ನೀನು ಹೋಗಿ ನೋಡ್ಕೊಂಡು ಬಾ. ಸೇತುವೆ ಇಲ್ಲೇ ಕೆಳಗೆ” ಎಂದರು.

“ನಿಮ್ಮನ್ನ ಬಿಟ್ಟು?”

“ನನ್ನ ಮಾತು ಒಂದಾದ್ರೂ ನಡೀಲಿ ಹೋಗೇ.”

ವಿದ್ಯಾವತಿಯವರು ಇಳಿದರು. ಮೊದಲ ತಿರುವು ದಾಟಿ, ಗಂಡನಿಗೆ ಕಾಣದ ಕಡೆ, ಒಂದು ಮರದ ಬುಡದಲ್ಲಿ ಕೂತುಬಿಟ್ಟರು. ಇನ್ನೊಂದು ತಿರುವು ದಾಟಿದ್ದರೆ ಸೇತುವೆ ಕಾಣುತ್ತಿತ್ತು. ಒಬ್ಬರೇ ನೋಡಲು ಅವರಿಂದಾಗಲಿಲ್ಲ. ಹೋಗಿ ಬರುವಷ್ಟು ಹೊತ್ತು ಸೆರಗಿನಿಂದ ಮುಖ ಒತ್ತಿಕೊಳ್ಳುತ್ತ ಕೂತಿದ್ದು ಹಿಂದಿರುಗಿದರು.

“ನೋಡಿದ್ಯಾ?”

“ನೋಡ್ದೆ. ಬಾಳ ಚೆನ್ನಾಗಿದೆ.”

“ಎಷ್ಟು ಕಮಾನು?”

ಬಸಲಿಂಗಪ್ಪನವರು ಅದನ್ನು ಹಿಂದೆಂದೂ ಹೇಳಿರಲಿಲ್ಲ. “ಮೂರು” ಎಂದರು ವಿದ್ಯಾವತಿ.

“ಹೂಂ” ಎಂದರು ಬಸಲಿಂಗಪ್ಪ. ಆ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಆ ದಾರಿಯಲ್ಲೇ ಬಂದ ಇಬ್ಬರು ಕುರಿಗಾರರು ಅವರನ್ನು ನಡುವೆ ಹಿಡಿದು ಮೇಲಿನ ಊರಿಗೆ ಮುಟ್ಟಿಸಿದರು.

ಡರ್ಹಮ್‌ಗೆ ಬಂದ ಮೇಲೆ ವಿದ್ಯಾವತಿಯವರು ಮರದ ತುಂಡುಗಳ ವಿಷಯವನ್ನು ವ್ಯಾಯಾಮ ಹೇಳಿಕೊಡುವ ಥೆರಪಿಸ್ಟ್ ಹತ್ತಿರ ಹೇಳಿದರು. ಈ ಕಾಯಿಲೆಯವರಲ್ಲಿ ಕೆಲವರಿಗೆ ನೆಲದ ಮೇಲೆ ಅಡ್ಡಗೆರೆ ಕಂಡರೆ ಕಾಲು ಏಳುತ್ತದೆ, ಮನೆಯಲ್ಲೂ ಟೇಪು ಅಂಟಿಸಿ ನೋಡಿ ಎಂದಳು ಆಕೆ. ವಿದ್ಯಾವತಿಯವರು ಮಲಗುವ ಕೋಣೆಯಿಂದ ಅಡುಗೆಮನೆಯ ಬಾಗಿಲವರೆಗೆ ಹೆಜ್ಜೆಗೊಂದರಂತೆ ಅಂಟಿಸಿದರು: ಒಂದು ಬಿಳಿ, ಒಂದು ಕೆಂಪು. ಬೇಸ್‌ಮೆಂಟಿನ ಮೆಟ್ಟಿಲ ಬಾಗಿಲಿಗೆ ಎರಡೂ ಬಣ್ಣದ ಕತ್ತರಿ. “ನಮ್ಮನೆ ದೇವಸ್ಥಾನ ಆಯ್ತು. ಶೂ ಬಿಚ್ಚಿ ಬಾರಯ್ಯ” ಎಂದು ಬಸಲಿಂಗಪ್ಪನವರು ನನಗೆ ಹೇಳುತ್ತಿದ್ದರು.

ಎರಡು ವರ್ಷ ಆ ಪಟ್ಟೆಗಳ ಮೇಲೆ ನಡೆದರು. ಹೆಜ್ಜೆ ಚಿಕ್ಕದಾದಂತೆ ವಿದ್ಯಾವತಿಯವರು ಟೇಪು ಕಿತ್ತು ಹತ್ತಿರ ಹತ್ತಿರ ಅಂಟಿಸುತ್ತ ಹೋದರು. ೧೯೯೭ರ ಚಳಿಗಾಲದ ಒಂದು ಬೆಳಿಗ್ಗೆ, ಅಡುಗೆಮನೆಯ ಬಾಗಿಲಲ್ಲಿ ಕಾಲು ಸಿಕ್ಕಿಕೊಂಡಿತು. ವಿದ್ಯಾವತಿಯವರು ಎದುರಿಗೆ ಕೈ ಚಾಚಿ ನಿಂತು, “ಬನ್ನಿ, ಇನ್ನೊಂದೇ ಒಂದು ಪಟ್ಟೆ” ಎಂದರು.

“ಒಂದೇ ಕಮಾನು, ವಿದ್ಯಾ.”

“ಏನು?”

“ಆ ಸೇತುವೆಗೆ. ಮೂರಲ್ಲ, ಒಂದೇ.”

“ಅವತ್ತೇ ಗೊತ್ತಾಯ್ತಾ? ಯಾಕೆ ಹೇಳ್ಲಿಲ್ಲ?”

“ನೀನ್ಯಾಕೆ ನೋಡ್ಲಿಲ್ಲ?”

ವಿದ್ಯಾವತಿಯವರು ಚಾಚಿದ ಕೈ ಇಳಿಸಲಿಲ್ಲ. “ಕಾಫಿ ಆರ್‍ಹೋಗುತ್ತೆ, ಬನ್ನಿ” ಎಂದರು.

ಮುಂದಿನ ಫೆಬ್ರವರಿಯಲ್ಲಿ ಬಸಲಿಂಗಪ್ಪನವರು ತೀರಿಕೊಂಡರು. ಕೊನೆಯ ವಾರಗಳಲ್ಲಿ ಪಟ್ಟೆಗಳೂ ಕೆಲಸಕ್ಕೆ ಬರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ನಂದಿತಾ ನೆಲದ ಮೇಲೆ ಕೂತು ಟೇಪು ಕೀಳತೊಡಗಿದಳು. ಮೂರು ನಾಲ್ಕು ಕಿತ್ತಿದ್ದಳೇನೋ. “ಇರ್ಲಿ ಬಿಡೇ” ಎಂದರು ತಾಯಿ. ಅಟ್ಲಾಂಟಾಕ್ಕೆ ಬಾ ಎಂದರೂ ಹೋಗಲಿಲ್ಲ. ಮೊಮ್ಮಕ್ಕಳು ಬಂದಾಗ ಆ ಪಟ್ಟೆಗಳ ಮೇಲೆ ಕುಂಟಾಟ ಆಡುತ್ತಾರೆ.

ವಿದ್ಯಾವತಿಯವರು ಈಗ ಡರ್ಹಮ್‌ನ ಅದೇ ಮನೆಯಲ್ಲಿ ಒಬ್ಬರೇ ಇದ್ದಾರೆ. ವಾರದಲ್ಲಿ ನಾಲ್ಕು ದಿನ ಅದೇ ಬಟ್ಟೆ ಅಂಗಡಿಯಲ್ಲಿ ಹೊಲಿಯುತ್ತಾರೆ. ಶನಿವಾರ ಈನೋ ನದಿಯ ದಾರಿಯಲ್ಲಿ, ಚೀಲವಿಲ್ಲದೆ, ನಡೆಯುತ್ತಾರೆ.